ಕಥೋಲಿಕ ಕ್ರೈಸ್ತರ ನಂಬಿಕೆ: ಮೂರು ಸಂದೇಹಗಳು



ಪ್ರತಿವರ್ಷ ಸೆಪ್ಟೆಂಬರ್ 8ರಂದು ಬೆಂಗಳೂರಿನ ಶಿವಾಜಿನಗರದ ಸಂತ ಮೇರಿ ಬೆಸಿಲಿಕಾದಲ್ಲಿ ಮಾತೆ ಮರಿಯಮ್ಮನವರ ಜನ್ಮದಿನದ ಹಬ್ಬ ನಡೆಯುತ್ತದೆ. ಸೀರೆ ಉಟ್ಟು ಬಾಲಯೇಸುವನ್ನು ಎತ್ತಿಕೊಂಡ ತಾಯಿಯ ಪ್ರತಿಮೆಯ ಮುಂದೆ ಮೇಣದಬತ್ತಿ ಹಚ್ಚಲು ಎಲ್ಲ ಮತದವರೂ ಬರುತ್ತಾರೆ. ಬೂದಿಗೆರೆಯಂಥ ಊರಿನಿಂದ ಬೆಂಗಳೂರಿನ ಕಾಲೇಜಿಗೆ ಬಸ್ಸಿನಲ್ಲಿ ಬಂದುಹೋಗುವ ನಿಮ್ಮಲ್ಲಿ ಕೆಲವರು ಆ ಜನಸಂದಣಿಯನ್ನು ನೋಡಿರಬಹುದು. ಮರುದಿನ ತರಗತಿಯ ಕ್ರೈಸ್ತ ಗೆಳೆಯನನ್ನು ಕೇಳುವುದೂ ಉಂಟು: "ದೇವರು ಒಬ್ಬನೇ ಅಂತೀರಿ, ಮತ್ತೆ ಮರಿಯಮ್ಮನ ಪೂಜೆ ಯಾಕೆ?" ಪ್ರಶ್ನೆ ಒಳ್ಳೆಯದೇ. ಆದರೆ ಉತ್ತರಕ್ಕೆ ಕಾಯದೆ ನಕ್ಕುಬಿಟ್ಟರೆ ಗೆಳೆಯನಿಗೆ ನೋವಾಗುತ್ತದೆ, ನಮಗೂ ವಿಷಯ ತಿಳಿಯುವುದಿಲ್ಲ.

ಈ ಗೊಂದಲಕ್ಕೆ ನಮ್ಮ 'ಪೂಜೆ' ಎಂಬ ಪದವೂ ಒಂದು ಕಾರಣ. ದೇವರಿಗೂ ಪೂಜೆ, ಗುರುವಿಗೂ ಪೂಜೆ, ಆಯುಧಕ್ಕೂ ಪೂಜೆ. ಕಥೋಲಿಕ ಧರ್ಮಸಭೆ ಇಲ್ಲಿ ಎರಡು ಸಂಗತಿಗಳನ್ನು ಬೇರ್ಪಡಿಸುತ್ತದೆ. ಆರಾಧನೆ ದೇವರೊಬ್ಬನಿಗೇ ಸಲ್ಲುತ್ತದೆ. ಮರಿಯಮ್ಮನಿಗೂ ಸಂತರಿಗೂ ಸಲ್ಲುವುದು ಗೌರವ. ಚಿತ್ರಕ್ಕೆ ತೋರುವ ಗೌರವ ಬಣ್ಣ ಮರಗಳಿಗಲ್ಲ, ಅದರಲ್ಲಿ ಕಾಣುವ ವ್ಯಕ್ತಿಗೆ ಸಲ್ಲುತ್ತದೆಂದು ಕ್ರಿ.ಶ. 787ರಲ್ಲೇ ನೈಸಿಯಾದ ಎರಡನೆಯ ಮಹಾಸಭೆ ಸಾರಿತು. ಜಪಮಾಲೆ ಹಿಡಿದವರು ಮರಿಯಮ್ಮನನ್ನು ಕೋರುವುದೂ ತಮಗಾಗಿ ದೇವರಲ್ಲಿ ಪ್ರಾರ್ಥಿಸಬೇಕೆಂದೇ. ಪರೀಕ್ಷೆಗೆ ಹೊರಟ ಹುಡುಗ "ಅಜ್ಜಿ, ನನಗೋಸ್ಕರ ದೇವರನ್ನ ಬೇಡಿಕೋ" ಎಂದರೆ ಅಜ್ಜಿಯನ್ನೇ ದೇವರೆಂದು ತಿಳಿದಿದ್ದಾನೆ ಎನ್ನುತ್ತೇವೆಯೆ?

ಎರಡನೆಯ ಸಂದೇಹ ವಿಜ್ಞಾನದ ವಿದ್ಯಾರ್ಥಿಗಳದು. ಬಲಿಪೂಜೆಯಲ್ಲಿ ಹುಳಿಯಿಲ್ಲದ ಗೋಧಿ ರೊಟ್ಟಿಯೂ ದ್ರಾಕ್ಷಾರಸವೂ ಕ್ರಿಸ್ತನ ಶರೀರ, ರಕ್ತಗಳಾಗುತ್ತವೆ ಎಂಬುದು ಕಥೋಲಿಕರ ನಂಬಿಕೆ. ಸೂಕ್ಷ್ಮದರ್ಶಕದಲ್ಲಿ ನೋಡಿದರೆ ಏನು ಕಾಣುತ್ತದೆ? ರೊಟ್ಟಿಯೇ ಕಾಣುತ್ತದೆ. ಇದನ್ನು ಧರ್ಮಸಭೆ ಅಲ್ಲಗಳೆಯುವುದಿಲ್ಲ. 1551ರಲ್ಲಿ ಟ್ರೆಂಟ್ ಮಹಾಸಭೆ ಹೇಳಿದ್ದು, ಬದಲಾಗುವುದು ಅದರ ಮೂಲಸತ್ವ, ಹೊರಗಿನ ರೂಪಗಳು ಹಾಗೇ ಉಳಿಯುತ್ತವೆ ಎಂದು. ಗೋಧಿಯಲ್ಲಿರುವ ಗ್ಲುಟೆನ್ ಎಂಬ ಪ್ರೋಟೀನು ಕೆಲವರ ಕರುಳಿಗೆ ಒಗ್ಗುವುದಿಲ್ಲ. ಅಂಥವರಿಗೆ ಗ್ಲುಟೆನ್ ಅತಿ ಕಡಿಮೆಯಿರುವ ರೊಟ್ಟಿಯನ್ನು ಬಳಸಬಹುದೆಂದು 2003ರಲ್ಲಿ ವ್ಯಾಟಿಕನ್ ಪತ್ರವೊಂದು ತಿಳಿಸಿತು. ಅಂದರೆ ಪ್ರಸಾದವಾದ ಮೇಲೂ ಗೋಧಿಯ ಗುಣ ಹೋಗುವುದಿಲ್ಲವೆಂಬುದನ್ನು ಅವರೂ ಬಲ್ಲರು. ಈ ನಂಬಿಕೆ ರಸಾಯನಶಾಸ್ತ್ರದ ಹೇಳಿಕೆಯಲ್ಲ. ಆದ್ದರಿಂದ ಪ್ರಯೋಗಶಾಲೆ ಅದನ್ನು ಸಾಧಿಸಲಾರದು, ಸುಳ್ಳೆಂದು ತೋರಿಸಲೂ ಆರದು. ಯೇಸುವಿನ ಮಾತಿನ ಮೇಲಿನ ಭರವಸೆಯೇ ಅದಕ್ಕೆ ಆಧಾರ.

ಮೂರನೆಯದು ಪಾಪನಿವೇದನೆ. "ತಪ್ಪು ಮಾಡು, ಫಾದರ್ ಹತ್ತಿರ ಹೇಳು, ಮತ್ತೆ ಮಾಡು" ಎಂಬ ಕುಚೋದ್ಯ ನೀವು ಕೇಳಿರಬಹುದು. ನಿಯಮ ಅಷ್ಟು ಸಲೀಸಲ್ಲ. ನಿಜವಾದ ಪಶ್ಚಾತ್ತಾಪವಿರಬೇಕು. ಮತ್ತೆ ಮಾಡೆನೆಂಬ ಸಂಕಲ್ಪವಿರಬೇಕು. ಕದ್ದದ್ದನ್ನು ಹಿಂದಿರುಗಿಸಬೇಕು. ಇವಿಲ್ಲದೆ ಬಾಯಿಮಾತಿಗೆ ಹೇಳಿಕೊಂಡರೆ ಕ್ಷಮೆ ದೊರೆಯದು. ಗುರುಗಳು ಕ್ಷಮೆ ನೀಡುವುದು ಕ್ರಿಸ್ತನ ಹೆಸರಿನಲ್ಲಿ, ಸ್ವಂತ ಶಕ್ತಿಯಿಂದಲ್ಲ. ಯೋಹಾನನ ಸುವಾರ್ತೆಯ 20ನೆಯ ಅಧ್ಯಾಯ ಇದಕ್ಕೆ ಮೂಲ. ಕೇಳಿದ ಗುಟ್ಟನ್ನು ಅವರು ಯಾರಿಗೂ ಹೇಳುವಂತಿಲ್ಲ. ಬೇಕೆಂದೇ ಹೊರಗೆಡಹಿದರೆ ಧರ್ಮಸಭೆಯಿಂದ ಬಹಿಷ್ಕಾರದ ಶಿಕ್ಷೆಯಿದೆ.

ಇವನ್ನೆಲ್ಲ ನೀವು ಒಪ್ಪಲೇಬೇಕೆಂದು ನಾನು ಹೇಳುತ್ತಿಲ್ಲ. ವಿಜ್ಞಾನ ಓದಿದ ನನಗೆ ಮೇಷ್ಟ್ರುಗಳು ಕಲಿಸಿದ್ದು ಒಂದು ಮಾತು: ಯಾವುದೇ ಹೇಳಿಕೆಯನ್ನು ಪರೀಕ್ಷಿಸುವ ಮೊದಲು ಅದು ಏನು ಹೇಳುತ್ತಿದೆಯೆಂದು ಸರಿಯಾಗಿ ಓದಿಕೊಳ್ಳಿ. ಪಕ್ಕದ ಬೆಂಚಿನ ಗೆಳೆಯನ ಧರ್ಮಕ್ಕೂ ಇದೇ ಮರ್ಯಾದೆ ಸಲ್ಲಬೇಕು. ಒಪ್ಪದಿದ್ದರೆ ವಾದಿಸಿ. ಆದರೆ ಅವನು ನಿಜವಾಗಿ ನಂಬುವುದರ ಬಗ್ಗೆ ವಾದಿಸಿ. ಮುಂದಿನ ಸಲ ಸಂದೇಹ ಬಂದಾಗ ಅವನನ್ನೇ ಕೇಳಿ, ಉತ್ತರ ಮುಗಿಯುವವರೆಗೆ ಕಾಯಿರಿ.