ಮಳೆಗಾಲದಲ್ಲಿ ದೋಣಿಯ ಎಣ್ಣೆಯ ಜೋಪಾನ



ಜೂನ್ 1ರಿಂದ ಜುಲೈ 31ರವರೆಗೆ 61 ದಿನ ಯಾಂತ್ರಿಕ ದೋಣಿಗಳು ಕಡಲಿಗೆ ಇಳಿಯುವಂತಿಲ್ಲ. ಕಡಲು ಏರಿದಾಗ ನಾಡದೋಣಿಗಳೂ ದಡದಲ್ಲೇ. ಭಟ್ಕಳದ ಮಾವಿನಕುರ್ವೆ ಇರಲಿ, ಹೊನ್ನಾವರದ ಕಾಸರಕೋಡು ಇರಲಿ, ಕುಮಟೆಯ ತದಡಿ ಇರಲಿ, ಉಳಿದ ಎಣ್ಣೆಯ ಕ್ಯಾನು ಬಂದು ಕೂರುವುದು ನಮ್ಮ ಮನೆಯ ಮೂಲೆಯಲ್ಲಿ. ಆದ್ದರಿಂದ ಈ ಮಾತು ಗಂಡಸರಿಗಷ್ಟೇ ಸೇರಿದ್ದಲ್ಲ.

ಪೆಟ್ರೋಲ್ ಇಟ್ಟಲ್ಲೇ ಹಳಸುತ್ತದೆ. ಅದರ ಹಗುರ ಅಂಶ ಆವಿಯಾಗಿ, ಉಳಿದದ್ದು ಅಂಟಾಗಿ ಕಾರ್ಬೊರೇಟರಿನಲ್ಲಿ ಕಟ್ಟಿಕೊಳ್ಳುತ್ತದೆ. ಈಗಿನ ಪೆಟ್ರೋಲಿನಲ್ಲಿ ಶೇ. 20ರವರೆಗೆ ಎಥನಾಲ್ ಇರುವುದರಿಂದ ಮಳೆಗಾಲದ ತೇವವನ್ನೂ ಹೀರುತ್ತದೆ. ಆಗಸ್ಟಿನಲ್ಲಿ ಎಂಜಿನ್ ಹತ್ತದಿದ್ದರೆ ರಿಪೇರಿಗೆ ಸಂಘದ ಸಾಲವೇ ಗತಿ.

ನಾವು ಮಾಡಬೇಕಾದದ್ದು ಇಷ್ಟು:

- ಮೇ ಕೊನೆಗೆ ಬೇಕಾದಷ್ಟೇ ಪೆಟ್ರೋಲ್ ತರಿಸುವುದು. ಆಯಿಲ್ ಬೆರೆಸದೆ ಉಳಿದದ್ದನ್ನು ಬೈಕಿಗೆ ಹಾಕಿ ಮುಗಿಸುವುದು.
- ಎಂಜಿನ್ ಎತ್ತಿಡುವ ಮೊದಲು ಟ್ಯಾಂಕು, ಕಾರ್ಬೊರೇಟರ್ ಖಾಲಿ ಮಾಡಿಸುವುದು.
- ಸೀಮೆಎಣ್ಣೆ ಕ್ಯಾನಿನ ಮುಚ್ಚಳ ಬಿಗಿ ಮಾಡಿ, ಅಡುಗೆಮನೆಯಿಂದ ದೂರ, ಗಾಳಿಯಾಡುವ ನೆರಳಿನಲ್ಲಿ, ಮಕ್ಕಳ ಕೈಗೆ ಸಿಗದಂತೆ ಇಡುವುದು.
- ಹೊಸ ಋತುವಿಗೆ ಮುಂಚೆ ಕ್ಯಾನಿನ ತಳದ ಸೀಮೆಎಣ್ಣೆಯನ್ನು ಗಾಜಿನ ಬಾಟಲಿಗೆ ಹಾಕಿ ನೋಡುವುದು. ನೀರಿದ್ದರೆ ಅಡಿಯಲ್ಲಿ ನಿಲ್ಲುತ್ತದೆ.

ಇನ್ನೊಂದು ಮಾತು ಮರೆಯಬೇಡಿ. ಪೆಟ್ರೋಲ್ ಇದ್ದ ಕ್ಯಾನಿನ ಸೀಮೆಎಣ್ಣೆಯನ್ನು ಸ್ಟೋವಿಗೆ, ಚಿಮಣಿ ದೀಪಕ್ಕೆ ಖಂಡಿತ ಹಾಕಬಾರದು. ಸ್ವಲ್ಪ ಪೆಟ್ರೋಲ್ ಬೆರೆತರೂ ಭಗ್ಗೆಂದು ಹೊತ್ತಿಕೊಳ್ಳುತ್ತದೆ. ಎರಡೂ ಕ್ಯಾನುಗಳಿಗೆ ಬೇರೆ ಬೇರೆ ಬಣ್ಣದ ಗುರುತು ಹಾಕಿ.

ಮೇ ತಿಂಗಳ ಸಭೆಯಲ್ಲಿ ಪ್ರತಿ ಸಂಘವೂ ಇದನ್ನು ಚರ್ಚಿಸಲಿ. ಎಂಜಿನ್ನೂ ಉಳಿಯಲಿ, ಮನೆಯೂ ಉಳಿಯಲಿ.