ಕೊಡುವ ಮೊದಲು ಕೇಳಬೇಕು

(ಶತಮಾನೋತ್ಸವದ ಅಂಗವಾಗಿ ಊರಿನ ಸೇವಾ ಕ್ಲಬ್ಬಿನ ಸದಸ್ಯರನ್ನು ಗೌರವಿಸಿದ ಸಭೆಯಲ್ಲಿ ಶಾಲೆಯ ಮುಖ್ಯೋಪಾಧ್ಯಾಯಿನಿಯವರು ಮಾಡಿದ ಭಾಷಣ)



ಕೃತಜ್ಞತೆ ಸಲ್ಲಿಸುವ ಹೊಣೆಯನ್ನು ಸ್ವಾಗತ ಸಮಿತಿಯವರು ನಮಗೆ ವಹಿಸಿದ್ದಾರೆ. ಶಾಲು ಹೊದೆಸಿ, ಫಲಪುಷ್ಪವನ್ನಿತ್ತು, ನಾಲ್ಕು ಒಳ್ಳೆಯ ಮಾತನ್ನಾಡಿ ಈ ಕಾರ್ಯವನ್ನು ಮುಗಿಸಬಹುದಿತ್ತು. ಆದರೆ ನೂರು ವರ್ಷ ತುಂಬಿದ ಶಾಲೆಯು ತನಗೆ ದೊರೆತ ನೆರವಿನ ಲೆಕ್ಕವನ್ನು ಊರಿನ ಮುಂದಿಡುವುದು ಧರ್ಮವೆಂದು ನಾವು ತಿಳಿದಿದ್ದೇವೆ. ರೂಪಾಯಿಗಳ ಲೆಕ್ಕ ವಾರ್ಷಿಕ ವರದಿಗಳಲ್ಲಿದೆ. ಯಾವ ನೆರವು ಮಗುವಿನ ತನಕ ತಲುಪಿತು, ಯಾವುದು ನಡುದಾರಿಯಲ್ಲಿ ನಿಂತಿತು, ಹಾಗೆ ನಿಂತಾಗ ನಮ್ಮ ಪಾಲಿನ ತಪ್ಪೇನಿತ್ತು ಎಂಬ ಲೆಕ್ಕವನ್ನು ಇಂದು ಒಪ್ಪಿಸಲು ಬಯಸುತ್ತೇವೆ.

ನೂರು ವರ್ಷಗಳ ಹಿಂದೆ ನಮ್ಮ ಈ ಕಾಸರಗೋಡು ಪ್ರದೇಶವು ಮದರಾಸು ಪ್ರಾಂತದ ದಕ್ಷಿಣ ಕನ್ನಡ ಜಿಲ್ಲೆಗೆ ಸೇರಿತ್ತು. ಅಂದು ಶಾಲೆಯನ್ನು ಕಟ್ಟಿದವರು ಸರಕಾರದ ಅನುದಾನಕ್ಕಾಗಿ ಕಾದು ಕುಳಿತವರಲ್ಲ. ಹಿರಿಯರಿಂದ ನಾವು ಕೇಳಿರುವಂತೆ, ಒಂದು ಮನೆಯಿಂದ ಬಿದಿರು ಬಂತು, ಇನ್ನೊಂದು ಮನೆಯಿಂದ ಹೆಣೆದ ಮಡಲು ಬಂತು, ಮತ್ತೊಂದು ಮನೆಯವರು ದೂರದಿಂದ ಬಂದ ಮಾಸ್ತರರಿಗೆ ಊಟ ವಸತಿಗಳ ಏರ್ಪಾಡು ಮಾಡಿದರು. ಕೊಡಲು ಏನೂ ಇಲ್ಲದವರು ಮೈಮುರಿದು ದುಡಿದರು. ಅಡುಗೆಗೆ ಅಕ್ಕಿ ಅಳೆಯುವಾಗ ಒಂದು ಹಿಡಿಯನ್ನು ಬೇರೆಯಾಗಿ ತೆಗೆದಿರಿಸುವ ಮುಷ್ಟಿ ಅಕ್ಕಿಯ ಕ್ರಮ ನಮ್ಮ ಅಜ್ಜಿಯಂದಿರಿಗೆ ತಿಳಿಯದ್ದಲ್ಲ. ಸೇವಾ ಕ್ಲಬ್ ಎಂಬ ಹೆಸರು ಊರಿಗೆ ಅನಂತರ ಬಂದಿರಬಹುದು. ಅದರ ಕೆಲಸ ಮೊದಲೇ ಇತ್ತು.

ಆ ಹೆಸರಿಗೂ ಒಂದು ಚರಿತ್ರೆಯಿದೆ. 1905ರಲ್ಲಿ ಅಮೆರಿಕದ ಚಿಕಾಗೋ ನಗರದಲ್ಲಿ ಪಾಲ್ ಹ್ಯಾರಿಸ್ ಎಂಬ ವಕೀಲರು ಮೂವರು ಗೆಳೆಯರೊಂದಿಗೆ ಸೇರಿ ಒಂದು ಕೂಟವನ್ನು ಆರಂಭಿಸಿದರು. ಸರದಿಯಂತೆ ಒಬ್ಬೊಬ್ಬರ ಕಚೇರಿಯಲ್ಲಿ ಸಭೆ ಸೇರುತ್ತಿದ್ದುದರಿಂದ ಅದಕ್ಕೆ ರೋಟರಿ ಎಂಬ ಹೆಸರು ಬಂತು. ಆ ಕೂಟವು ಕೈಗೆತ್ತಿಕೊಂಡ ಮೊದಲ ಸಾರ್ವಜನಿಕ ಕಾರ್ಯ ಯಾವುದೆಂದು ಕೇಳಿದರೆ ಮಕ್ಕಳು ನಕ್ಕಾರು: ನಗರದ ಜನರಿಗೆ ಸಾರ್ವಜನಿಕ ಶೌಚಾಲಯ. ನಮ್ಮ ಶಾಲೆಗೆ ಊರಿನ ಕ್ಲಬ್ಬಿನವರು ಮಾಡಿಕೊಟ್ಟ ಮೊದಲ ಕಟ್ಟಡವೂ ಹೆಣ್ಣುಮಕ್ಕಳ ಶೌಚಾಲಯವೇ ಆಗಿತ್ತು. ಶಿಲಾಫಲಕ ಇರಿಸಲು ಅದೊಂದು ಚೆಂದದ ಜಾಗವಲ್ಲ. ಆದರೆ ದೊಡ್ಡ ತರಗತಿಯ ಹುಡುಗಿಯರು ತಿಂಗಳಲ್ಲಿ ಕೆಲವು ದಿನ ಮನೆಯಲ್ಲೇ ಉಳಿಯುತ್ತಿದ್ದುದು ಆ ಕಟ್ಟಡ ಎದ್ದ ಬಳಿಕ ಕಡಿಮೆಯಾಯಿತೆಂಬುದಕ್ಕೆ ನಮ್ಮ ಹಾಜರಿ ಪುಸ್ತಕವೇ ಸಾಕ್ಷಿ.

ಲಯನ್ಸ್ ಸಂಸ್ಥೆ ಹುಟ್ಟಿದ್ದು 1917ರಲ್ಲಿ. ನಮ್ಮ ಶಾಲೆ ಆರಂಭವಾದ ಕಾಲದಲ್ಲಿಯೇ, 1925ರ ಅದರ ಸಮ್ಮೇಳನದಲ್ಲಿ, ಕಣ್ಣೂ ಕಿವಿಯೂ ಇಲ್ಲದ ಹೆಲೆನ್ ಕೆಲ್ಲರ್ ಎಂಬ ಮಹಿಳೆ ಕುರುಡುತನದ ವಿರುದ್ಧ ಹೋರಾಡುವಂತೆ ಸದಸ್ಯರಿಗೆ ಕರೆಯಿತ್ತರು. ನೇತ್ರ ಚಿಕಿತ್ಸಾ ಶಿಬಿರಗಳು ಆ ಸಂಸ್ಥೆಯ ಗುರುತಾದುದು ಅಂದಿನಿಂದ. ಪೋಲಿಯೊ ನಿರ್ಮೂಲನಕ್ಕೆ 1985ರಲ್ಲಿ ರೋಟರಿ ಕೈಹಾಕಿತು. ಸರಕಾರ, ವಿಶ್ವ ಆರೋಗ್ಯ ಸಂಸ್ಥೆ ಮತ್ತು ಲಕ್ಷಾಂತರ ಕಾರ್ಯಕರ್ತರ ದುಡಿಮೆಯ ಫಲವಾಗಿ 2014ರಲ್ಲಿ ಭಾರತವು ಪೋಲಿಯೊಮುಕ್ತವೆಂಬ ಪ್ರಮಾಣಪತ್ರ ಪಡೆಯಿತು. ಭಾನುವಾರಗಳಂದು ಇದೇ ಶಾಲೆಯ ಜಗಲಿಯಲ್ಲಿ ಹನಿ ಹಾಕಿಸಿಕೊಂಡ ಮಕ್ಕಳು ಇಂದು ರಕ್ಷಕರಾಗಿ ನಮ್ಮೆದುರು ಕುಳಿತಿದ್ದಾರೆ.

ಇನ್ನು ನಮ್ಮೂರಿನ ಕ್ಲಬ್ಬಿನ ವಿಚಾರ. ಇದರಲ್ಲಿ ವ್ಯಾಪಾರಿಗಳಿದ್ದಾರೆ, ಅಡಿಕೆ ಕೃಷಿಕರಿದ್ದಾರೆ, ವೈದ್ಯರು, ಬ್ಯಾಂಕ್ ನೌಕರರು, ನಿವೃತ್ತ ಅಧ್ಯಾಪಕರು ಇದ್ದಾರೆ. ಮನೆಮಾತು ಒಬ್ಬರದು ತುಳು, ಒಬ್ಬರದು ಮಲೆಯಾಳ, ಒಬ್ಬರದು ಕೊಂಕಣಿ, ಮತ್ತೊಬ್ಬರದು ಬ್ಯಾರಿ. ಸಪ್ತಭಾಷಾ ಸಂಗಮವೆಂದು ನಾವು ವೇದಿಕೆಗಳಲ್ಲಿ ಹೇಳಿಕೊಳ್ಳುವ ಮಾತು ಇವರ ಸಭೆಯಲ್ಲಿ ನಿಜವಾಗಿಯೂ ಕಿವಿಗೆ ಬೀಳುತ್ತದೆ. ಪ್ರತಿ ಜುಲೈಯಲ್ಲಿ ಹೊಸ ಅಧ್ಯಕ್ಷರ ಪದಗ್ರಹಣ ನಡೆಯುತ್ತದೆ. ಹಳೆಯ ಅಧ್ಯಕ್ಷರು ಮಾರನೆಯ ದಿನ ಕುರ್ಚಿ ಹೊರುವ ಸಾಲಿನಲ್ಲಿರುತ್ತಾರೆ. ರಕ್ತದಾನ, ನೇತ್ರ ತಪಾಸಣೆ, ಸಸಿ ವಿತರಣೆ, ಶಿಕ್ಷಕರ ದಿನಾಚರಣೆ, ಜೂನ್ ತಿಂಗಳಲ್ಲಿ ಪುಸ್ತಕ ಮತ್ತು ಕೊಡೆಗಳ ವಿತರಣೆ ಇವು ವರ್ಷ ವರ್ಷವೂ ನಡೆದು ಬಂದಿರುವ ಕಾರ್ಯಗಳು.

ಕೊಡೆಯ ಕುರಿತು ಒಂದು ಮಾತು. ಮೊದಲಿನ ವರ್ಷಗಳಲ್ಲಿ ಪ್ರವೇಶೋತ್ಸವದ ವೇದಿಕೆಯಲ್ಲಿಯೇ ಬಡ ಮಕ್ಕಳ ಹೆಸರು ಕರೆದು ಕೊಡೆ ಕೊಡುವ ವಾಡಿಕೆಯಿತ್ತು, ಛಾಯಾಚಿತ್ರವನ್ನೂ ತೆಗೆಯುತ್ತಿದ್ದರು. ಆ ಹೆಸರುಗಳ ಪಟ್ಟಿಯನ್ನು ಸಿದ್ಧಪಡಿಸಿ ಕೊಡುತ್ತಿದ್ದವರು ನಾವೇ. ಒಂದು ವರ್ಷ ಹೆಸರು ಕರೆದಾಗ ಒಬ್ಬಳು ಏಳಲಿಲ್ಲ. ಸಂಜೆ ಸುರಿಯುವ ಮಳೆಯಲ್ಲಿ ಚೀಲವನ್ನು ತಲೆಯ ಮೇಲಿರಿಸಿಕೊಂಡು ಮನೆಗೆ ನಡೆದಳು. ನಾವು ಇದನ್ನು ಕ್ಲಬ್ಬಿನವರಿಗೆ ತಿಳಿಸಿದಾಗ ಅವರು ಬೇಸರಿಸಲಿಲ್ಲ, ವಾದಿಸಲೂ ಇಲ್ಲ. ಮರುವರ್ಷದಿಂದ ಕೊಡೆಗಳು ತರಗತಿಯ ಅಧ್ಯಾಪಕರ ಕಪಾಟಿಗೆ ಬರುತ್ತವೆ. ಬೇಕಾದ ಮಗು ಬೇಕಾದ ದಿನ ಕೊಂಡೊಯ್ಯುತ್ತದೆ. ಛಾಯಾಚಿತ್ರವಿಲ್ಲದ ಈ ಕಾರ್ಯಕ್ರಮ ಇಂದಿಗೂ ನಿಂತಿಲ್ಲ.

ನಮ್ಮ ಮನಸ್ಸಿನಲ್ಲಿ ಉಳಿದಿರುವ ಮುಖ್ಯ ಪ್ರಸಂಗ ನೇತ್ರ ತಪಾಸಣೆಯದು. ಕೆಲವು ವರ್ಷಗಳ ಹಿಂದೆ ಕ್ಲಬ್ಬಿನ ಆಶ್ರಯದಲ್ಲಿ ಶಾಲೆಯ ಎಲ್ಲ ಮಕ್ಕಳ ಕಣ್ಣಿನ ಪರೀಕ್ಷೆ ನಡೆಯಿತು. ಗೋಡೆಗೆ ಅಕ್ಷರಫಲಕ ತೂಗಿತು, ಆರು ಮೀಟರ್ ದೂರದಲ್ಲಿ ಸೀಮೆಸುಣ್ಣದ ಗೆರೆ ಎಳೆಯಲಾಯಿತು, ಮಕ್ಕಳು ಸಾಲಾಗಿ ನಿಂತರು. ಫಲಕಗಳು ಎರಡು: ಒಂದು ಇಂಗ್ಲಿಷಿನದು, ಒಂದು ಮಲೆಯಾಳದ್ದು. ಸಂಜೆಯ ಹೊತ್ತಿಗೆ ದೃಷ್ಟಿದೋಷವಿರಬಹುದಾದವರ ಪಟ್ಟಿ ನಮ್ಮ ಮೇಜಿಗೆ ಬಂತು. ಒಂದನೆಯ ಹಾಗೂ ಎರಡನೆಯ ತರಗತಿಗಳ ಮಕ್ಕಳ ಹೆಸರುಗಳೇ ಅದರಲ್ಲಿ ತುಂಬಿದ್ದವು. ನಾವು ಗಾಬರಿಗೊಂಡೆವು. ಮಕ್ಕಳು ಮೊಬೈಲ್ ನೋಡುವುದರ ಫಲವಿದು ಎಂದು ಸಿಬ್ಬಂದಿ ಕೊಠಡಿಯಲ್ಲಿ ತೀರ್ಪನ್ನೂ ಕೊಟ್ಟೆವು.

ಮರುದಿನ ಪಟ್ಟಿಯಲ್ಲಿದ್ದ ಒಂದನೆಯ ತರಗತಿಯ ಹುಡುಗಿಯನ್ನು ಕರೆದು, "ಮಗಾ, ನಿನಗೆ ಕಣ್ಣು ಸರಿಯಾಗಿ ಕಾಣುದಿಲ್ಲವಾ?" ಎಂದು ಕೇಳಿದೆವು. ಅವಳು ಸ್ವಲ್ಪ ಹೊತ್ತು ಸುಮ್ಮನಿದ್ದು ಹೇಳಿದಳು: "ಕಾಣ್ತದೆ ಟೀಚರ್. ಆ ಅಕ್ಷರದ ಹೆಸರು ಗೊತ್ತಿಲ್ಲ."

ಇಷ್ಟು ಸರಳವಾದ ಸಂಗತಿ ಹಿಂದಿನ ದಿನ ಆ ಕೊಠಡಿಯಲ್ಲಿದ್ದ ನಮ್ಮಲ್ಲಿ ಯಾರಿಗೂ ಹೊಳೆದಿರಲಿಲ್ಲ. ಕನ್ನಡದ ಅ ಆ ಇ ಈಗಳನ್ನು ಆಗಷ್ಟೇ ಕಲಿಯುತ್ತಿದ್ದ ಮಗುವಿಗೆ ತಾನು ಕಲಿಯದ ಲಿಪಿಯನ್ನು ತೋರಿಸಿ, ಅದು ಓದಲಿಲ್ಲವೆಂದು ಕಣ್ಣನ್ನು ದೂರಿದೆವು. ಶಿಬಿರಕ್ಕೆ ಬಂದವರು ಹೊರಗಿನವರು. ಅವರಿಗೆ ನಮ್ಮ ಮಕ್ಕಳ ಪಾಠಮಾಧ್ಯಮ ತಿಳಿಯದಿರುವುದು ಸಹಜ. ನಮಗೆ ತಿಳಿದಿತ್ತು. ನಾವು ಹೇಳಲಿಲ್ಲ. ಉಚಿತವಾಗಿ ಬಂದ ನೆರವಿಗೆ ಎದುರಾಡಬಾರದೆಂಬ ಸಂಕೋಚ ನಮ್ಮ ಬಾಯಿ ಕಟ್ಟಿತ್ತು.

ಕ್ಲಬ್ಬಿನ ಕಾರ್ಯದರ್ಶಿಯವರಿಗೆ ಈ ವಿಷಯ ತಿಳಿಸಿದೆವು. ಅವರ ಮನೆಮಾತು ಮಲೆಯಾಳ. ಎರಡೇ ವಾರಗಳಲ್ಲಿ ಅವರು ನೇತ್ರತಜ್ಞರೊಬ್ಬರನ್ನು ಮತ್ತೆ ಶಾಲೆಗೆ ಕರೆತಂದರು. ಈ ಸಲ ಬಂದ ಫಲಕದಲ್ಲಿ ಯಾವ ಭಾಷೆಯೂ ಇರಲಿಲ್ಲ. ಮೂರು ಹಲ್ಲಿನ ಬಾಚಣಿಗೆಯಂತಹ ಒಂದೇ ಆಕೃತಿ. ಅದರ ಹಲ್ಲುಗಳು ಒಮ್ಮೆ ಮೇಲಕ್ಕೆ, ಒಮ್ಮೆ ಕೆಳಕ್ಕೆ, ಒಮ್ಮೆ ಎಡಕ್ಕೆ, ಒಮ್ಮೆ ಬಲಕ್ಕೆ ತಿರುಗಿರುತ್ತವೆ. ಹಲ್ಲು ಯಾವ ಕಡೆಗಿದೆಯೆಂದು ಮಗು ಕೈಯಿಂದ ತೋರಿಸಿದರಾಯಿತು. ಅಕ್ಷರ ಬಾರದವರಿಗೂ, ಮಾತು ಬಾರದವರಿಗೂ ಇದು ಸಾಕು. ಹಿಂದಿನ ಪಟ್ಟಿಯಲ್ಲಿದ್ದ ಪುಟ್ಟ ಮಕ್ಕಳಲ್ಲಿ ಹೆಚ್ಚಿನವರು ಕೊನೆಯ ಸಾಲಿನವರೆಗೂ ಸರಿಯಾಗಿ ತೋರಿಸಿ ನಗುತ್ತ ಹೊರಗೆ ಓಡಿದರು.

ಕಥೆ ಅಲ್ಲಿಗೆ ಮುಗಿಯಲಿಲ್ಲ. ಹಿಂದಿನ ಪಟ್ಟಿಯಲ್ಲಿ ಹೆಸರೇ ಇರದಿದ್ದ ಐದನೆಯ ತರಗತಿಯ ಹುಡುಗನೊಬ್ಬ ಈ ಫಲಕದ ಎರಡನೆಯ ಸಾಲಿನಲ್ಲಿಯೇ ತಡವರಿಸಿದನು. ವಿಚಾರಿಸಿದಾಗ ಮೊದಲ ಸಲ ತನ್ನ ಮುಂದೆ ನಿಂತವರು ಓದಿದ ಅಕ್ಷರಗಳನ್ನು ಕೇಳಿ ಬಾಯಿಪಾಠ ಮಾಡಿ ಒಪ್ಪಿಸಿದ್ದೆನೆಂದು ಒಪ್ಪಿಕೊಂಡನು. ಕಾಣುವುದಿಲ್ಲವೆಂದರೆ ಮನೆಯಲ್ಲಿ ಖರ್ಚು ಬರುತ್ತದೆ ಎಂಬ ಹೆದರಿಕೆ ಅವನದು. ಅವನ ಪ್ರಗತಿ ಪತ್ರದಲ್ಲಿ ನಾವು ಎರಡು ವರ್ಷ ಬರೆದಿದ್ದ ಮಾತು: "ಗಮನ ಸಾಲದು. ಹಲಗೆ ನೋಡಿ ಬರೆಯಲು ಉದಾಸೀನ." ಅವನನ್ನು ಹಿಂದಿನ ಬೆಂಚಿನಲ್ಲಿ ಕೂರಿಸಿದ್ದವರೂ ನಾವೇ.

ಕನ್ನಡಕ ಬಂದ ದಿನ ಅವನು ತನ್ನ ಜಾಗದಲ್ಲಿ ಕುಳಿತು ಕರಿಹಲಗೆಯ ಮೇಲ್ತುದಿಯನ್ನು ನೋಡುತ್ತ ಕೇಳಿದನು: "ಟೀಚರ್, ಮೇಲೆ ಸುಭಾಷಿತ ದಿನಾ ಬರೆಯುದಾ?" ದಿನಕ್ಕೊಂದು ಸುಭಾಷಿತ ಬರೆಯುವ ನಮ್ಮ ಶಾಲೆಯ ಪದ್ಧತಿ ಬಹಳ ಹಳೆಯದು. ಅದರ ಕುರಿತು ನಮಗೆ ಹೆಮ್ಮೆಯೂ ಇತ್ತು. ಅಂದು ಉತ್ತರ ಕೊಡಲು ನಮಗೆ ಮಾತು ಹೊರಡಲಿಲ್ಲ.

ಬಂಧುಗಳೇ, ಗಡಿನಾಡಿನಲ್ಲಿ ಕನ್ನಡ ಶಾಲೆಯೆಂಬುದು ಕೇವಲ ಅಭಿಮಾನದ ವಿಷಯವೆಂದು ತಿಳಿದವರಿದ್ದಾರೆ. 1956ರ ರಾಜ್ಯ ಪುನರ್ವಿಂಗಡಣೆಯ ಬಳಿಕ ನಾವು ಕೇರಳದಲ್ಲಿ ಭಾಷಾ ಅಲ್ಪಸಂಖ್ಯಾತರು. ಮಕ್ಕಳಿಗೆ ಪ್ರಾಥಮಿಕ ಹಂತದಲ್ಲಿ ಮಾತೃಭಾಷೆಯ ಶಿಕ್ಷಣಕ್ಕೆ ಅನುಕೂಲ ಕಲ್ಪಿಸಬೇಕೆಂದು ಸಂವಿಧಾನದ 350ಎ ವಿಧಿ ಹೇಳುತ್ತದೆ. ಕನ್ನಡಿಗರು ಸರಕಾರದೊಡನೆ ಕನ್ನಡದಲ್ಲಿ ವ್ಯವಹರಿಸುವ ಅವಕಾಶವನ್ನು ಕೇರಳದ 1969ರ ಅಧಿಕೃತ ಭಾಷಾ ಕಾಯಿದೆ ಮಾನ್ಯ ಮಾಡಿತು. ಕಾನೂನು ಹಕ್ಕನ್ನು ಕೊಡುತ್ತದೆ. ಆದರೆ ಶಿಬಿರದ ಮೇಜಿನ ಬಳಿ ಮಗುವಿನ ಪಕ್ಕದಲ್ಲಿ ಕುಳಿತು "ಇದಕ್ಕೆ ಈ ಅಕ್ಷರ ಬಾರದು" ಎಂದು ಹೇಳುವುದು ಯಾರಾದರೊಬ್ಬ ಮನುಷ್ಯನ ಕೆಲಸ. ಆ ಮನುಷ್ಯ ಇಲ್ಲದಲ್ಲಿ ಭಾಷೆಯ ಕೊರತೆ ಕಣ್ಣಿನ ಕೊರತೆಯಾಗಿ, ಬುದ್ಧಿಯ ಕೊರತೆಯಾಗಿ ದಾಖಲಾಗುತ್ತದೆ.

ಆ ಬಳಿಕ ಕ್ಲಬ್ಬಿನವರು ಮೂರು ಕ್ರಮಗಳನ್ನು ಕೈಗೊಂಡರು. ಯಾವುದೇ ಕಾರ್ಯಕ್ರಮ ನಿಶ್ಚಯಿಸುವ ಮೊದಲು ಒಬ್ಬ ಸದಸ್ಯರು ಶಾಲೆಗೆ ಬಂದು ಅಧ್ಯಾಪಕರನ್ನೂ ಮಕ್ಕಳನ್ನೂ ಕೇಳುತ್ತಾರೆ. ಊರಿನ ಶಿಬಿರಗಳ ಪ್ರಕಟಣೆ ಮಲೆಯಾಳದೊಂದಿಗೆ ಕನ್ನಡದಲ್ಲಿಯೂ ಬರುತ್ತದೆ. ವೈದ್ಯರ ಮೇಜಿನ ಬಳಿ ಕನ್ನಡ, ತುಳು ಬಲ್ಲ ಸ್ವಯಂಸೇವಕರೊಬ್ಬರು ಕುಳಿತಿರುತ್ತಾರೆ. ಮೂರನೆಯದಾಗಿ, ಕನ್ನಡಕ ಕೊಟ್ಟ ಮೂರು ತಿಂಗಳಿಗೆ ಮತ್ತೆ ಬಂದು ವಿಚಾರಿಸುತ್ತಾರೆ. ಕಾಲು ಮುರಿದ ಕನ್ನಡಕವನ್ನು ಬೈಗುಳಕ್ಕೆ ಹೆದರಿ ಚೀಲದ ತಳದಲ್ಲಿ ಅಡಗಿಸಿಟ್ಟ ಮಕ್ಕಳು ಆಗ ಸಿಗುತ್ತಾರೆ. ಬೆಳೆಯುವ ವಯಸ್ಸಿನಲ್ಲಿ ದೃಷ್ಟಿ ಬದಲಾಗುತ್ತಿರುತ್ತದೆ, ವರ್ಷಕ್ಕೊಮ್ಮೆಯಾದರೂ ಪರೀಕ್ಷೆ ಬೇಕೆಂದು ರಕ್ಷಕರಿಗೆ ತಿಳಿಸುವುದೂ ಆಗಲೇ. ಕೊಡುವುದು ಒಂದು ದಿನದ ಕೆಲಸ. ವಿಚಾರಿಸುವುದು ವರ್ಷವಿಡೀ ಇರುವ ಕೆಲಸ. ಇಂದು ಈ ಸದಸ್ಯರನ್ನು ನಾವು ಗೌರವಿಸುತ್ತಿರುವುದು ಎರಡನೆಯ ಕೆಲಸಕ್ಕಾಗಿ. ಕಾರ್ಯದರ್ಶಿಯವರು ಕನ್ನಡ ಅಕ್ಷರ ಕಲಿತು, ಪ್ರಕಟಣೆಯನ್ನು ತಾವೇ ಬರೆದು, ತಿದ್ದಲು ನಮ್ಮ ಮೂರನೆಯ ತರಗತಿಯ ಮಕ್ಕಳಿಗೆ ಕೊಟ್ಟಿದ್ದಾರೆ. ಮಕ್ಕಳು ಎರಡು ಒತ್ತಕ್ಷರ ತಿದ್ದಿದ್ದಾರೆ. ಕನ್ನಡಕ ಹಂಚಿದವರಿಗೆ ನಮ್ಮ ಮಕ್ಕಳು ಕನ್ನಡ ಹಂಚಿದರೆಂದು ನಾವು ಸಂತೋಷಪಟ್ಟಿದ್ದೇವೆ.

ಹಳೆ ವಿದ್ಯಾರ್ಥಿಗಳಲ್ಲಿ ಒಂದು ವಿನಂತಿ. ಶತಮಾನೋತ್ಸವದ ನಿಧಿಗೆ ನೀವು ಧಾರಾಳವಾಗಿ ಕೊಟ್ಟಿದ್ದೀರಿ. ಮಂಗಳೂರು, ಬೆಂಗಳೂರು, ಮುಂಬಯಿ, ಕೊಲ್ಲಿ ದೇಶಗಳಿಂದಲೂ ಹಣ ಬಂದಿದೆ. ಊರಿಗೆ ಬಂದಾಗ ಒಂದು ಹಗಲನ್ನೂ ಕೊಡಿ. ಶಿಬಿರದ ದಿನ ಮಗುವಿನ ಪಕ್ಕದಲ್ಲಿ ಕುಳಿತುಕೊಳ್ಳಿ, ಅರ್ಜಿ ತುಂಬಲು ಬಾರದ ತಾಯಿಗೆ ನೆರವಾಗಿ. ರಕ್ಷಕರಲ್ಲಿಯೂ ಒಂದು ಮಾತಿದೆ. ಕಟ್ಟಡ, ಬೆಂಚು, ಕೊಡೆ, ಕನ್ನಡಕಗಳನ್ನು ಕ್ಲಬ್ಬು ಕೊಡಬಲ್ಲದು. ಒಂದನೆಯ ತರಗತಿಗೆ ಮಕ್ಕಳನ್ನು ಕೊಡಲಾರದು. ಹಾಜರಿ ಪುಸ್ತಕದಲ್ಲಿ ಹೆಸರುಗಳು ಕಡಿಮೆಯಾಗುತ್ತಿರುವುದನ್ನು ನಾವು ಮುಚ್ಚಿಡುವುದಿಲ್ಲ. ಎರಡನೆಯ ಶತಮಾನದ ಮೊದಲ ಪುಟ ತುಂಬುವುದು ನಿಮ್ಮ ಕೈಯಲ್ಲಿದೆ.

ಸಹೋದ್ಯೋಗಿಗಳಿಗೆ ನಾವು ಹೇಳಬೇಕಾದುದನ್ನು ನಮಗೇ ಹೇಳಿಕೊಳ್ಳುತ್ತೇವೆ. ಪ್ರಗತಿ ಪತ್ರದಲ್ಲಿ "ಉದಾಸೀನ" ಎಂದು ಬರೆಯುವ ಮೊದಲು ಮಗುವನ್ನು ಒಮ್ಮೆ ಮುಂದಿನ ಬೆಂಚಿಗೆ ಕರೆದು ನೋಡೋಣ.

ಆ ಹುಡುಗ ಈಗ ಹೈಸ್ಕೂಲಿನಲ್ಲಿದ್ದಾನೆ. ಇಂದು ಬೆಳಗ್ಗೆ ಬಂದು ಈ ಸಭಾಂಗಣದ ಕುರ್ಚಿಗಳನ್ನು ಸಾಲಾಗಿರಿಸಿದವರಲ್ಲಿ ಅವನೂ ಒಬ್ಬ. ಕರಿಹಲಗೆಯಲ್ಲಿ ಇಂದಿನ ಸುಭಾಷಿತವನ್ನು ಬರೆಯುವಂತೆ ನಾವು ಹೇಳಿದೆವು, ಬರೆದು ಹೋಗಿದ್ದಾನೆ. ಹೊರಡುವ ಮುನ್ನ ತಾವೆಲ್ಲರೂ ಐದನೆಯ ತರಗತಿಗೆ ಹೋಗಿ ಅದನ್ನು ಓದಬೇಕೆಂದು ಕೋರುತ್ತೇವೆ.