ಪಾಳಿ ಬರೆಯುವವರು ಕೇಳಬೇಕಾದ ಗಡಿಯಾರ



 ವಿಜ್ಞಾನದ ಎಲ್ಲ ಶಾಖೆಗಳನ್ನೂ ಒಮ್ಮೆ ಮುಟ್ಟಿ ಬರುವುದು ಇಂಥ ವಿಜ್ಞಾನ ಸಮ್ಮೇಳನಗಳ ಅಧ್ಯಕ್ಷ ಭಾಷಣಗಳ ವಾಡಿಕೆ. ನಾನು ಇವತ್ತು ಒಬ್ಬ ವಿಜ್ಞಾನಿಯ ಕೆಲಸದ ಬಳಿಯೇ ನಿಲ್ಲುತ್ತೇನೆ. ಜೀವಿಗಳ ಒಳಗೆ ನಡೆಯುವ ಗಡಿಯಾರವನ್ನು ಬದುಕಿಡೀ ಅಭ್ಯಸಿಸಿದ ಎಂ. ಕೆ. ಚಂದ್ರಶೇಖರನ್ ಅವರ ಕೆಲಸ ಅದು.

ಜರ್ಮನಿಯ ಟ್ಯೂಬಿಂಗೆನ್‌ನಲ್ಲಿ ಹಣ್ಣುನೊಣಗಳ ಮೇಲೆ ಸಂಶೋಧನೆ ಮಾಡಿ ಮರಳಿದ ಅವರು ಮಧುರೈ ಕಾಮರಾಜ್ ವಿಶ್ವವಿದ್ಯಾಲಯಕ್ಕೆ ಬಂದರು. ಆ ಸೀಮೆಯ ಗವಿಗಳಲ್ಲಿ ಹುಳು ತಿಂದು ಬದುಕುವ ಸಣ್ಣ ಬಾವಲಿಗಳಿದ್ದವು. ಗವಿಯ ಒಳಮೂಲೆಯಲ್ಲಿ ನಡುಹಗಲಲ್ಲೂ ಕಾರ್ಗತ್ತಲು. ಸೆಕೆ, ತೇವಗಳಲ್ಲೂ ಹೇಳಿಕೊಳ್ಳುವಂಥ ಏರುಪೇರಿಲ್ಲ. ಆದರೂ ಸಂಜೆಯಾದೊಡನೆ ಹಿಂಡು ಬೇಟೆಗೆ ಹೊರಡುತ್ತದೆ. ಹೊತ್ತು ಮುಳುಗಿದ್ದು ಅವಕ್ಕೆ ತಿಳಿಯುವುದು ಹೇಗೆ?

ಚಂದ್ರಶೇಖರನ್ ಮತ್ತು ಅವರ ಸಹಸಂಶೋಧಕರಾದ ಮಾರಿಮುತ್ತು, ರಾಜನ್ ಕೆಲವು ಬಾವಲಿಗಳನ್ನು ಪಂಜರದಲ್ಲಿಟ್ಟು ಗವಿಯ ಕತ್ತಲಲ್ಲೇ ಇರಿಸಿದರು. ಬೆಳಕನ್ನೇ ಕಾಣದ ಆ ಪಂಜರದ ಬಾವಲಿಗಳು, ಹಿಂಡು ಹೊರಡುವ ಮತ್ತು ಮರಳುವ ಹೊತ್ತಿಗೆ ತಮ್ಮ ಹಾರಾಟವನ್ನು ಹೊಂದಿಸಿಕೊಂಡವು. ಹಿಂಡೇ ಇಲ್ಲದ ಕಡೆ ಇಟ್ಟಾಗ ಲಯವೇನೂ ನಿಲ್ಲಲಿಲ್ಲ, ಹೊರಗಿನ ಹಗಲು ರಾತ್ರಿಗಳಿಂದ ದಿನದಿನಕ್ಕೂ ಜಾರುತ್ತ ಹೋಯಿತು. 1981ರಲ್ಲಿ ಪ್ರಕಟವಾದ ಈ ಕೆಲಸದಿಂದ ಎರಡು ಸಂಗತಿ ಒಟ್ಟಿಗೇ ತಿಳಿದವು. ಗಡಿಯಾರ ಒಳಗೇ ಇದೆ. ಅದನ್ನು ದಿನವೂ ಸರಿಪಡಿಸಲು ಹೊರಗಿನದೊಂದು ಬೇಕು. ಬೆಳಕು ಸಿಗದಿದ್ದರೆ ಸಂಗಾತಿಗಳ ಸದ್ದುಗದ್ದಲವೂ ಆದೀತು. ನಮ್ಮ ದೇಶದ ಜೀವವಿಜ್ಞಾನದಲ್ಲಿ ಇಷ್ಟು ಸರಳವಾಗಿ ಇಷ್ಟು ಆಳಕ್ಕೆ ಇಳಿದ ಪ್ರಯೋಗಗಳು ಬಹಳ ಇಲ್ಲವೆಂದು ನಾನು ನಂಬಿದ್ದೇನೆ.

ಗಡಿಯಾರವಿಲ್ಲದ, ಹೊರಗಿನ ಸುಳಿವೇ ಇಲ್ಲದ ಕೋಣೆಯಲ್ಲಿ ಮನುಷ್ಯರನ್ನು ದಿನಗಟ್ಟಲೆ ಇರಿಸಿ ಅವರ ನಿದ್ದೆ ಎಚ್ಚರಗಳನ್ನು ಗಮನಿಸುವ ವ್ಯವಸ್ಥೆಯನ್ನೂ ಚಂದ್ರಶೇಖರನ್ ಮಧುರೈನಲ್ಲಿ ಕಟ್ಟಿದರು. 1990ರ ದಶಕದಲ್ಲಿ ಬೆಂಗಳೂರಿನ ಜಕ್ಕೂರಿಗೆ, ಜವಾಹರಲಾಲ್ ನೆಹರು ಉನ್ನತ ವೈಜ್ಞಾನಿಕ ಸಂಶೋಧನಾ ಕೇಂದ್ರಕ್ಕೆ ಬಂದರು. ಅಲ್ಲಿದ್ದ ಹಣ್ಣುನೊಣಗಳನ್ನು 600 ತಲೆಮಾರು ಆರದ ಬೆಳಕಿನಲ್ಲೇ ಸಾಕಲಾಗಿತ್ತು. ಮನುಷ್ಯರ ಒಂದು ತಲೆಮಾರಿಗೆ 25 ವರ್ಷ ಎಂದರೂ ಅದು ರಾತ್ರಿಯನ್ನೇ ಕಾಣದ 15,000 ವರ್ಷ! ಸಹಸಂಶೋಧಕರಾದ ಶೀಬಾ, ಶರ್ಮ, ಜೋಶಿ ಅವರೊಂದಿಗೆ ಚಂದ್ರಶೇಖರನ್ 1999ರಲ್ಲಿ ಪ್ರಕಟಿಸಿದ ಫಲಿತಾಂಶ ನೋಡಿ: ಆ ನೊಣಗಳ ಸಂತಾನವನ್ನು ಕತ್ತಲಿಗೆ ತಂದಾಗಲೂ ಅವು ಕೋಶ ಒಡೆದು ಹೊರಬರುವ ದೈನಂದಿನ ಲಯ ಅಳಿದಿರಲಿಲ್ಲ.

ಈ ಲಯದ ಬೇರು ಜೀನಿನಲ್ಲಿದೆ ಎಂಬುದನ್ನು 1971ರಲ್ಲೇ ವಿಜ್ಞಾನಿಗಳಾದ ಕೊನೊಪ್ಕ ಮತ್ತು ಬೆನ್ಜರ್ ಹಣ್ಣುನೊಣದಲ್ಲೇ ತೋರಿಸಿದ್ದರು. ಒಂದು ಜೀನ್ ಕೆಟ್ಟರೆ ನೊಣದ ದಿನ 19 ಗಂಟೆಗೆ ಕುಗ್ಗಬಹುದು, 28ಕ್ಕೆ ಹಿಗ್ಗಬಹುದು. ಆ ಜೀನಿನ ಜಾಡು ಹಿಡಿದು ಗಡಿಯಾರದ ಯಂತ್ರವನ್ನು ಬಿಡಿಸಿಟ್ಟ ಹಾಲ್, ರೋಸ್‌ಬಾಶ್, ಯಂಗ್ ಅವರಿಗೆ 2017ರ ನೊಬೆಲ್ ಬಂತು. ನಮ್ಮ ಮಿದುಳಿನಲ್ಲಿ ಸುಮಾರು 20,000 ನರಕೋಶಗಳ ಪುಟ್ಟ ಗುಂಪೊಂದು ಈ ಗಡಿಯಾರದ ಕೆಲಸ ನೋಡಿಕೊಳ್ಳುತ್ತದೆ.

600 ತಲೆಮಾರಿಗೂ ಅಳಿಯದ್ದನ್ನು ನಾವು ಒಂದು ವಾರದ ಡ್ಯೂಟಿ ಚಾರ್ಟಿನಿಂದ ಅಳಿಸಲು ಹೊರಟಿದ್ದೇವೆ. ಬೆಂಗಳೂರಿನಲ್ಲಿ ಎಷ್ಟೋ ನರ್ಸುಗಳು, ಕಾವಲುಗಾರರು, ಬಸ್ ಚಾಲಕರು, ಕಾಲ್ ಸೆಂಟರಿನ ಹುಡುಗ ಹುಡುಗಿಯರು ರಾತ್ರಿಯೇ ದುಡಿಯುತ್ತಾರೆ. ನಿದ್ದೆಗೆಡುವುದು ಅಭ್ಯಾಸವಾಗಿಬಿಡುತ್ತದೆ ಎಂದು ಅವರಿಗೆ ಹೇಳುತ್ತೇವೆ. ಆ ಮಾತು ಸುಳ್ಳು. ಲಯ ಕೆಡಿಸುವ ಪಾಳಿ ಕೆಲಸ ಬಹುಶಃ ಕ್ಯಾನ್ಸರಿಗೂ ಕಾರಣವೆಂದು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ 2007ರಲ್ಲೇ ಎಚ್ಚರಿಸಿದೆ.

ರಾತ್ರಿ ಪಾಳಿಯನ್ನು ನಿಲ್ಲಿಸಿ ಎಂದು ನಾನು ಹೇಳುತ್ತಿಲ್ಲ, ಆಸ್ಪತ್ರೆಗೆ ಬಾಗಿಲು ಹಾಕಲಾಗದು. ಆದರೆ ನಮ್ಮ ಒಳಗಿನ ದಿನ ಬಹುಪಾಲು ಜನರಲ್ಲಿ 24 ಗಂಟೆಗಿಂತ ತುಸು ಉದ್ದ. ಹಾಗಾಗಿ ಬೆಳಗಿನ ಪಾಳಿಯಿಂದ ಮಧ್ಯಾಹ್ನಕ್ಕೆ, ಮಧ್ಯಾಹ್ನದಿಂದ ರಾತ್ರಿಗೆ ಮುಂದೆ ಮುಂದೆ ಸರಿಯುವುದು ದೇಹಕ್ಕೆ ಸುಲಭ, ಹಿಂದೆ ಸರಿಯುವುದು ಕಷ್ಟ. ಇದನ್ನು ಪಾಲಿಸಲು ಯಾರೂ ಹಣ ಖರ್ಚು ಮಾಡಬೇಕಿಲ್ಲ. ಇಲ್ಲಿ ಕುಳಿತಿರುವ ಬರಹಗಾರರಿಗೂ ಮೇಷ್ಟ್ರುಗಳಿಗೂ ನನ್ನ ಕೋರಿಕೆ ಇಷ್ಟೇ: ನಿಮ್ಮ ಊರಿನ ಆಸ್ಪತ್ರೆಗೆ, ಕಾರ್ಖಾನೆಗೆ, ಬಸ್ ಡಿಪೋಗೆ ಹೋಗಿ, ಪಾಳಿಪಟ್ಟಿ ಬರೆಯುವವರ ಎದುರು ಕುಳಿತು ಈ ವಿಜ್ಞಾನವನ್ನು ಅವರಿಗೆ ಅರ್ಥವಾಗುವ ಕನ್ನಡದಲ್ಲಿ ಹೇಳಿ.